ನೋಡದೆ ಕೊಟ್ಟದ್ದು

ಡಾಕ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಸರ್ವೆ ಕೆಲಸದ ಮೇಲೆ ಬಾರ್ಕೂರಿನ ಒಂದು ಮನೆಯ ಜಗಲಿಯಲ್ಲಿ ಕೂತು ಅಜ್ಜಿಯೊಬ್ಬರ ಕಾಲು ಒತ್ತಿ ನೋಡುತ್ತಿದ್ದೆ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು ಹತ್ತು ಎಣಿಸಬೇಕು. ಬೆರಳು ತೆಗೆದ ಮೇಲೆ ಗುಳಿ ಉಳಿದರೆ ಒಳಗೆ ನೀರು ನಿಂತಿದೆ, ಹೃದಯವನ್ನೋ ಕಿಡ್ನಿಯನ್ನೋ ನೋಡಬೇಕು ಎಂದು ಲೆಕ್ಕ. ನರ್ಸಿಂಗ್ ಶಾಲೆಯಲ್ಲಿ ನನಗೆ ಇದನ್ನು ಹೇಳಿಕೊಟ್ಟಿದ್ದರು ನಿಜ, ಆದರೆ ನಾನು ಕಲಿತದ್ದು ಕಿರಿಮಂಜೇಶ್ವರದಲ್ಲಿದ್ದ ಆ ಡಾಕ್ಟ್ರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು. ಫೋನಿನಲ್ಲಿ ಸುದ್ದಿ ಕೇಳುತ್ತಿದ್ದ ಹಾಗೆ ಎಣಿಕೆ ತಪ್ಪಿತು. ಅಜ್ಜಿ "ಎಂತ ಆಯ್ತ್ ಮಗಾ?" ಎಂದರು. "ಎಂತ ಇಲ್ಲೆ ಅಮ್ಮ" ಎಂದು ಮತ್ತೆ ಒಂದರಿಂದ ಶುರು ಮಾಡಿದೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಅವರ ಹೆಸರು ಹೇಳುವವರೂ ಕಡಿಮೆ. ಬಿಜೂರಿನಿಂದ ಆಚೆ ಈಚೆ ನಾಲ್ಕೂರಿನವರಿಗೆ ಅವರು ಬರೀ 'ಡಾಕ್ಟ್ರು'. ಬೇರೆ ಡಾಕ್ಟ್ರುಗಳಿಗೆ ಹೆಸರು ಬೇಕಾಗುತ್ತಿತ್ತು, ಇವರಿಗೆ ಬೇಕಾಗಿರಲಿಲ್ಲ.

ಕ್ಲಿನಿಕ್ಕೆಂದರೆ ಎರಡು ಕೋಣೆ, ಒಂದು ಬೆಂಚು, ಒಂದು ಮೇಜು. ಮೇಜಿನ ಪಕ್ಕದಲ್ಲಿ ಹಲಸಿನ ಮರದ ಒಂದು ಮಣೆ. ಒಳಗೆ ಹೋದ ಕೂಡಲೇ ಚಪ್ಪಲಿ ಬಿಚ್ಚಿ ಆ ಮಣೆಯ ಮೇಲೆ ಕಾಲಿಡಬೇಕು. ಜ್ವರ ಬಂದಿರಲಿ, ಕೆಮ್ಮಾಗಿರಲಿ, ಕಿವಿ ನೋವಿರಲಿ, ಮೊದಲು ಕಾಲು. ಡಾಕ್ಟ್ರು ಬಗ್ಗಿ ಹೆಬ್ಬೆರಳು ಒತ್ತಿ, ತುಟಿಯೊಳಗೆ ಎಣಿಸಿ, ಆಮೇಲೆ ಮುಖ ಎತ್ತಿ "ಹಾಂ, ಈಗ ಹೇಳಿ" ಎನ್ನುತ್ತಿದ್ದರು. ಒಮ್ಮೆ ಬೈಂದೂರಿನ ಮೇಷ್ಟ್ರೊಬ್ಬರು, "ನಂಗ್ ಹಲ್ಲ್ ನೋವ್ ಡಾಕ್ಟ್ರೆ, ಕಾಲ್ ಎಂತಕೆ?" ಎಂದು ಕೇಳಿದ್ದಕ್ಕೆ ಅವರು, "ಬಾಯಿ ಸುಳ್ ಹೇಳತ್ತ್ ಮೇಷ್ಟ್ರೆ, ಕಾಲ್ ಹೇಳುದಿಲ್ಲೆ" ಎಂದಿದ್ದರು. ಮೇಷ್ಟ್ರು ಅದನ್ನು ಊರೆಲ್ಲ ಹೇಳಿ ನಗಿಸಿದರು. ನಾನೂ ನಕ್ಕವಳೇ.

ಅವರಿಗೆ ಮನುಷ್ಯರಿಗಿಂತ ಮನೆಗಳು ಹೆಚ್ಚು ಗೊತ್ತು. ಯಾವ ಮನೆಯ ಗಂಡಸರಿಗೆ ನಲ್ವತ್ತಕ್ಕೇ ಬಿಪಿ ಏರುತ್ತದೆ, ಯಾವ ಮನೆಯಲ್ಲಿ ಸಕ್ಕರೆ ಕಾಯಿಲೆ ತಾಯಿಯಿಂದ ಮಗಳಿಗೆ ಇಳಿದಿದೆ, ಎಲ್ಲ ತಲೆಯಲ್ಲೇ ಇತ್ತು. ನಮ್ಮ ಅಪ್ಪಯ್ಯ ಪಾರ್ಶ್ವವಾಯು ಬಡಿದು ಮಲಗಿದಾಗ ದಿನಾ ಬಂದು ನೋಡಿದವರು ಅವರು. ಅಪ್ಪಯ್ಯ ಹೋದ ಮೇಲೆ ನನ್ನನ್ನೂ ಅಣ್ಣನನ್ನೂ ಕರೆದು ಬಿಪಿ ನೋಡಿದರು. ನನ್ನದು ಸರಿ ಇತ್ತು. ಅಣ್ಣನದು ಇರಲಿಲ್ಲ. ಆಗ ಅವನಿಗೆ ಮೂವತ್ತೈದೂ ಆಗಿರಲಿಲ್ಲ. "ಆಸ್ತಿ ಪಾಲ್ ಆಪ್ಕ್ ಮುಂಚೆ ಇದ್ ನಿನ್ ಪಾಲಿಗ್ ಬಂತ್ ಕಾಣ್" ಎಂದು ಅವನ ಬೆನ್ನು ತಟ್ಟಿ ಮಾತ್ರೆ ಬರೆದರು.

ಅಣ್ಣ ಇದ್ದದ್ದು ಮುಂಬೈಯಲ್ಲಿ. ಊರಿನವರೇ ನಡೆಸುವ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ಬೆಳಿಗ್ಗೆ ನಿಂತರೆ ಮಧ್ಯಾಹ್ನದ ಮೇಲೆಯೇ ಕೂರುವುದು. ನಮ್ಮ ಕಡೆ ಮನೆಗೊಬ್ಬರಾದರೂ ಹೀಗೆ ಹೋದವರು ಇದ್ದಾರೆ. ಅವರಿಗೆಲ್ಲ ಮುಂಬೈಯಲ್ಲಿ ಅನ್ನ ಸಿಗುತ್ತದೆ, ಡಾಕ್ಟ್ರು ಸಿಗುವುದಿಲ್ಲ. ಸಿಗುವುದಿಲ್ಲ ಅಂದರೆ ಇರುವುದಿಲ್ಲ ಅಂತಲ್ಲ, ಹೋಗುವುದಿಲ್ಲ. ಮದ್ದು ಊರಿನಿಂದಲೇ ಬರಬೇಕು.

ಹಾಗಾಗಿ ಡಾಕ್ಟ್ರ ಕ್ಲಿನಿಕ್ಕಿನಲ್ಲಿ ಸೋಮವಾರವೆಂದರೆ ಮುಂಬೈ ಮದ್ದಿನ ದಿನ. ಬೆಂಚಿನ ತುಂಬ ಹೆಂಡತಿಯರು, ತಾಯಂದಿರು, ತಂಗಿಯರು. ರೋಗಿಗಳು ಒಬ್ಬರೂ ಇಲ್ಲ. "ಅವ್ರಿಗೆ ತಲಿ ತಿರ್ಗುದ್ ಕಮ್ಮಿ ಇತ್ತಂಬ್ರ್", "ಮಗ ಸಮಾ ಇದ್ದ ಡಾಕ್ಟ್ರೆ, ಅದೇ ಮಾತ್ರಿ ಕೊಡಿ." ಡಾಕ್ಟ್ರು ತಿಂಗಳ ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿ, ಮೇಲೆ ಹೋಟೆಲಿನ ಹೆಸರು ಬರೆದು ಕೊಡುತ್ತಿದ್ದರು. ನಾವು ಅದನ್ನು ಮಧ್ಯಾಹ್ನ ಹೊರಡುವ ಮುಂಬೈ ಬಸ್ಸಿನ ಕಂಡಕ್ಟರರ ಕೈಗೆ ಕೊಡುವುದು. ಪ್ರತಿ ಪೊಟ್ಟಣದ ಒಳಗೂ ಒಂದು ಚೀಟಿ ಇರುತ್ತಿತ್ತು: 'ಊರಿಗೆ ಬಂದಾಗ ಕಾಲು ತೋರಿಸುವುದು.' ಅಣ್ಣನ ಹೋಟೆಲಿನಲ್ಲಿ ಆ ಚೀಟಿ ದೊಡ್ಡ ತಮಾಷೆ. ಬೇರೆ ಊರಿನ ಡಾಕ್ಟ್ರು ನಾಲಿಗೆ ಕೇಳುತ್ತಾರೆ, ನಮ್ಮೂರಿನವರು ಕಾಲು ಕೇಳುತ್ತಾರೆ ಎಂದು ಹುಡುಗರು ನಗುತ್ತಿದ್ದರಂತೆ.

ಕ್ಲಿನಿಕ್ಕಿನಲ್ಲಿ ಉದ್ದದ ಒಂದು ರಿಜಿಸ್ಟರ್ ಇತ್ತು. ರೋಗಿಯನ್ನು ನೋಡಿ ಮದ್ದು ಕೊಟ್ಟರೆ ನೀಲಿ ಶಾಯಿ, ನೋಡದೆ ಕೊಟ್ಟರೆ ಕೆಂಪು. ಸೋಮವಾರದ ಪುಟಗಳೆಲ್ಲ ಕೆಂಪು. ಯಾರಾದರೂ "ನೀವ್ ದೇವ್ರ್ ಇದ್ದಾಂಗೆ" ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ದೇವ್ರಾರೂ ಮುಖ ಕಂಡ್ ವರ ಕೊಡ್ತ. ನಾನ್ ಮುಖ ಕಾಣ್ದೆ ಕೊಡ್ತಾ ಇದ್ದೆ."

ನಾನು ಒಮ್ಮೆ ಜಾಣತನ ತೋರಿಸಿ, ಅಣ್ಣನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಅವರ ಮುಂದೆ ಹಿಡಿದೆ. ಅಣ್ಣ ಅಚ್ಚುಕಟ್ಟಾಗಿ ಗಡ್ಡ ಬೋಳಿಸಿ, ಹಲ್ಲು ಬಿಟ್ಟು ಕೂತಿದ್ದ. ಡಾಕ್ಟ್ರು ಅವನ ಹತ್ತಿರ ಚೆನ್ನಾಗಿಯೇ ಮಾತಾಡಿ ಫೋನು ವಾಪಸು ಕೊಟ್ಟು ಹೇಳಿದರು: "ಮದ್ಮಗನಾಂಗೆ ಇದ್ದ. ಆರೆ ಫೋನಂಗೆ ಕಾಲ್ ಒತ್ತುಕ್ ಆತ್ತಾ ಹೆಣೆ?" ಅಂದು ಬರೆದದ್ದೂ ಕೆಂಪು ಶಾಯಿಯಲ್ಲೇ.

ಅವರಿಗೆ ಒಂದು ನಿಯಮ ಇತ್ತು. ಊರಿಗೆ ಬಂದೂ ಮುಖ ತೋರಿಸದೆ ಹೋದವನಿಗೆ ಮುಂದಿನ ಪೊಟ್ಟಣ ಇಲ್ಲ. ಎಷ್ಟು ಬೇಡಿಕೊಂಡರೂ ಇಲ್ಲ. ಈ ನಿಯಮಕ್ಕೆ ಊರು ಕಂಡುಕೊಂಡ ಮದ್ದು ಬಹಳ ಸುಲಭದ್ದು. ಊರಿಗೆ ಬಂದವರೆಲ್ಲ ಡಾಕ್ಟ್ರ ಮಟ್ಟಿಗೆ ಬಂದಿರಲೇ ಇಲ್ಲ.

ಚಿಕ್ಕಪ್ಪನ ಮಗಳ ಮದುವೆ ಬೈಂದೂರಿನ ಹಾಲ್‌ನಲ್ಲಿ ಒಂದು ಭಾನುವಾರ. ಅಣ್ಣ ಶುಕ್ರವಾರ ಬಂದವನು ಭಾನುವಾರ ಮಧ್ಯಾಹ್ನದ ಬಸ್ಸಿಗೇ ವಾಪಸು. ಶನಿವಾರ ಬೆಳಿಗ್ಗೆ ನಾನು, "ಡಾಕ್ಟ್ರಿಗೊಂದ್ ಮುಖ ತೋರ್ಸಿ ಬಾ" ಎಂದೆ. "ಅಲ್ಲಿ ಹೋರೆ ಅರ್ಧ ದಿನ ಹೋತ್ತ್. ಬಪ್ಪ ಸಲ ಹೋಪ. ಈ ಸಲ ಬಂದಿಲ್ಲೆ ಅಂತ ಹೇಳ್" ಎಂದ. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಸೀರೆಗೆ ಫಾಲ್ಸ್ ಹೊಲಿಸುವುದಿತ್ತು, ಮಲ್ಲಿಗೆಗೆ ಹೇಳುವುದಿತ್ತು. ಆ ದಿನ ಸಂಜೆ ಅವನು ಸಾಕ್ಸ್ ಬಿಚ್ಚುವಾಗ ಕಾಲಿನ ಮೇಲೆ ಬಳೆಯ ಹಾಗೆ ಅಚ್ಚು ಬಿದ್ದದ್ದನ್ನು ನಾನು ನೋಡಿದ್ದೆ. ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ನರ್ಸ್ ಆಗಿದ್ದವಳು ನಾನು. ನಿಂತು ಕೆಲಸ ಮಾಡುವವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡು ಒಳಗೆ ಹೋದೆ. ಬೇರೆ ಯಾರ ಕಾಲಾಗಿದ್ದರೂ ಹಾಗೆ ಹೋಗುತ್ತಿರಲಿಲ್ಲ.

ಸೋಮವಾರ ಕ್ಲಿನಿಕ್ಕಿಗೆ ಹೋದೆ. ಬೆಂಚಿನ ಮೇಲೆ ಐದಾರು ಹೆಂಗಸರಿದ್ದರು. ಡಾಕ್ಟ್ರು ಎಂದಿನಂತೆ ಕೇಳಿದರು.

"ಅಣ್ಣ ಬಂದಿದ್ನಾ ಮದ್ವಿಗೆ?"

"ಇಲ್ಲೆ ಡಾಕ್ಟ್ರೆ. ರಜಿ ಸಿಕ್ಲಿಲ್ಲೆ ಅಂಬ್ರ್."

ಅವರು ನನ್ನ ಮುಖ ನೋಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಬೆಂಚಿನ ಮೇಲಿದ್ದ ಹೆಂಗಸರ ಕಡೆ ಒಮ್ಮೆ ನೋಡಿದರು. ಆಮೇಲೆ ಕೆಂಪು ಶಾಯಿಯಲ್ಲಿ ಏನೋ ಬರೆದು, ಮಾತ್ರೆ ಎಣಿಸಿ, ಚೀಟಿ ಇಟ್ಟು ಕೊಟ್ಟರು. ನಾನು ಬಚಾವಾದೆ ಎಂದುಕೊಂಡು ಬಸ್ಸಿಗೆ ಓಡಿದೆ.

ಅದಾದ ಮೇಲೆ ಅಣ್ಣ ಊರಿಗೆ ಬಂದದ್ದು ಒಂದೂವರೆ ವರ್ಷದ ನಂತರ, ಅದೂ ಹೋಟೆಲಿನ ಇಬ್ಬರು ಹುಡುಗರು ಹಿಡಿದುಕೊಂಡು ತಂದದ್ದು. ಉಸಿರು ಮೇಲೆ ಬರುತ್ತಿರಲಿಲ್ಲ. ಎರಡೂ ಕಿಡ್ನಿ ಹೋಗಿದ್ದವು. ಬಿಪಿ ಒಳಗೊಳಗೇ ಏರಿತ್ತು. ಡಾಕ್ಟ್ರ ಮಾತ್ರೆ ಅದಕ್ಕೆ ಸಾಲುತ್ತಿರಲಿಲ್ಲ. ಸಾಲದ್ದಕ್ಕೆ ಕಾಲು ನೋವಿಗೆ ಅವನು ದಿನಾ ಮೆಡಿಕಲ್ಲಿನಿಂದ ನೋವಿನ ಮಾತ್ರೆ ತೆಗೆದುಕೊಂಡು ನುಂಗುತ್ತಿದ್ದನಂತೆ. ಅದನ್ನು ಅವನು ನಮಗೆ ಹೇಳಿರಲಿಲ್ಲ. ಅವನನ್ನು ಕೇಳುವವರೂ ಅಲ್ಲಿ ಯಾರಿರಲಿಲ್ಲ. ಅವತ್ತಿನಿಂದ ವಾರಕ್ಕೆ ಮೂರು ಸಲ ಕುಂದಾಪುರದಲ್ಲಿ ಡಯಾಲಿಸಿಸ್.

ಸುದ್ದಿ ತಿಳಿದ ದಿನವೇ ಡಾಕ್ಟ್ರು ಮನೆಗೆ ಬಂದರು. ಅಣ್ಣನ ಹಾಸಿಗೆಯ ಕಾಲ ಬುಡದಲ್ಲಿ ಕೂತು, ಒತ್ತಿ ನೋಡುವುದಕ್ಕೂ ಹೋಗದೆ, ಅವನ ಪಾದದ ಮೇಲೆ ಸುಮ್ಮನೆ ಕೈಯಿಟ್ಟುಕೊಂಡಿದ್ದರು. ಅತ್ತಿಗೆ ಕೊಟ್ಟ ಕಾಫಿ ಆರಿ ತಣ್ಣಗಾಯಿತು. ಮುಂದಿನ ಸೋಮವಾರದಿಂದ ಮುಂಬೈ ಮದ್ದು ಬಂದ್. ಹೆಂಗಸರು ಅತ್ತರು, ಬೈದರು, ಡಾಕ್ಟ್ರಿಗೆ ಪ್ರಾಯ ಆಯಿತು ಎಂದರು. ಆಮೇಲೆ ಡಾಕ್ಟ್ರು ಬರೆದ ಹಳೇ ಮದ್ದಿನ ಚೀಟಿ ಹಿಡಿದುಕೊಂಡು ನೇರ ಮೆಡಿಕಲ್ಲಿಗೇ ಹೋಗಿ ಅದೇ ಮಾತ್ರೆ ತಂದರು. ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು ಅವರಿಗೆ. ಆ ವರ್ಷ ಅವರು ತೀರಾ ಇಳಿದುಹೋದರು.

ಅಣ್ಣನನ್ನು ನೋಡಿಕೊಳ್ಳಲಿಕ್ಕೆಂದು ನಾನು ಆಸ್ಪತ್ರೆಯ ಪಾಳಿ ಕೆಲಸ ಬಿಟ್ಟೆ. ಆಗ ಸಿಕ್ಕಿದ್ದು ಈ ಸರ್ವೆ ಕೆಲಸ. ಒಂದು ಮೆಡಿಕಲ್ ಕಾಲೇಜಿನ ಕುಟುಂಬ ವೈದ್ಯಕೀಯ ವಿಭಾಗದವರು, ಬ್ರಹ್ಮಾವರದಿಂದ ಬೈಂದೂರಿನವರೆಗಿನ ಸಣ್ಣ ಕ್ಲಿನಿಕ್ಕುಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆಯವರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಸಂಶೋಧನೆ ಶುರು ಮಾಡಿದ್ದರು. ಅದರ ಮುಖ್ಯಸ್ಥೆ ಸಣ್ಣ ಪ್ರಾಯದ ಡಾಕ್ಟರು, ನಮಗೆ ಮೇಡಂ. ಒಳ್ಳೆಯವರು, ಮಾತು ಜಾಸ್ತಿ. ಒಬ್ಬರೇ ಡಾಕ್ಟರ ಹತ್ತಿರ ವರ್ಷಾನುಗಟ್ಟಲೆ ಹೋಗುವ ರೋಗಿಗಳಿಗೆ ಒಳ್ಳೆಯದಾಗುತ್ತದೆ ಎಂದು ಬೇರೆ ಬೇರೆ ದೇಶಗಳಲ್ಲಿ ಕಂಡುಕೊಂಡಿದ್ದಾರೆ, ನಮ್ಮಲ್ಲಿ ಹೇಗೆಂದು ನೋಡಬೇಕು ಎನ್ನುತ್ತಿದ್ದರು. ನಮ್ಮ ಕೈಗೆ ಕೊಟ್ಟ ಫಾರಂನಲ್ಲಿ ಒಂದು ಅಂಕಣ ಹೀಗಿತ್ತು: 'ರೋಗಿಯನ್ನು ನೋಡದೆ ಔಷಧಿ ಕೊಡಲಾಗಿದೆಯೇ? ಹೌದಾದರೆ, ಕಾರಣ.' ಮೇಡಂ ಅದನ್ನು ವಿವರಿಸುವಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಹೆಚ್ಚಿನ ಡಾಕ್ಟ್ರುಗಳು ನಮ್ಮನ್ನು ಬಾಗಿಲಲ್ಲೇ ಕಳಿಸಿದರು. ಇನ್ನು ಕೆಲವರು, ನಾವು ನೋಡದೆ ಕೊಡುವುದೇ ಇಲ್ಲ ಎಂದು ಬರೆಸಿದರು. ಅವರ ಬೆಂಚಿನ ಮೇಲೂ ಮುಂಬೈಯವರ ಹೆಂಡತಿಯರು ಕೂತಿದ್ದರು. ನಮ್ಮ ಡಾಕ್ಟ್ರು ಮಾತ್ರ ಮೇಡಂ ಮಾತು ಮುಗಿಸುವ ಮೊದಲೇ ಒಪ್ಪಿದರು. ಆ ಬೇರೆ ದೇಶದ ಸಂಗತಿ ಹೇಳಿದ್ದಕ್ಕೆ ಮಾತ್ರ ಸಣ್ಣಗೆ ನಕ್ಕರು. "ವರ್ಷಗಟ್ಲೆ ಬಪ್ದ್ ಹೌದ್ ಮೇಡಂ. ಆರೆ ಬಪ್ದ್ ಯಾರ್? ನಾನ್ ನಲ್ವತ್ತ್ ವರ್ಷ ಮನಿ ಕಂಡೆ. ಮನಿ ಗೊತ್ತಿತ್ತಲೆ, ಮನ್ಷ ಎಂತಕೆ ಅಂದ್ಕಂಡೆ." ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಹಾಗೆ ನಾನು ಆ ಕ್ಲಿನಿಕ್ಕಿಗೆ ಫಾರಂ ಹಿಡಿದು ಹೋದೆ. ನಾನು ಲಂಗ ಹಾಕುತ್ತಿದ್ದ ಕಾಲದಿಂದ 'ಹೆಣೆ' ಎಂದು ಕರೆಯುತ್ತಿದ್ದವರು ಅಂದಿನಿಂದ "ಬನಿ ಸಿಸ್ಟರೇ, ಕೂಕಣಿ" ಎನ್ನತೊಡಗಿದರು. ತಮಾಷೆಗೆ ಇರಬೇಕು ಎಂದುಕೊಂಡಿದ್ದೆ. ತಮಾಷೆ ಆಗಿರಲಿಲ್ಲ. ಅವರ ಅಕ್ಷರ ಯಾರಿಗೂ ಅರ್ಥವಾಗದ್ದರಿಂದ ರಿಜಿಸ್ಟರನ್ನು ಅವರೇ ಹಿಡಿದು ಕೆಂಪು ಸಾಲುಗಳನ್ನು ಒಂದೊಂದಾಗಿ ಓದುವುದು, ನಾನು ಬರೆದುಕೊಳ್ಳುವುದು. ಕಾರಣ: ಮಗ ಮುಂಬೈಯಲ್ಲಿ. ಕಾರಣ: ಗಂಡ ಹೈದರಾಬಾದಿನಲ್ಲಿ. ಕಾರಣ: ರಜೆ ಇಲ್ಲ. ಮಧ್ಯೆ ಒಂದೊಂದು ಕಡೆ ನಿಲ್ಲಿಸಿ, "ಇದ್ ನನ್ ಉದಾಸೀನ, ಹಾಂಗೇ ಬರೀನಿ" ಎನ್ನುತ್ತಿದ್ದರು.

ಮೂರನೇ ದಿನ ಅಣ್ಣನ ಹೆಸರು ಬಂತು. ಆ ಸೋಮವಾರದ ತಾರೀಖು ಓದಿ ಅವರು ಕನ್ನಡಕ ತೆಗೆದರು.

"ಕಾರಣ: ಡಾಕ್ಟರ ದಾಕ್ಷಿಣ್ಯ. ಬರೀನಿ ಸಿಸ್ಟರೇ."

ನನಗೆ ಅರ್ಥವಾಗಲಿಲ್ಲ. ಪೆನ್ನು ಹಿಡಿದು ಹಾಗೇ ಕೂತೆ.

"ಮದ್ವಿ ಊಟಕ್ಕೆ ನಾನ್ ಅವ್ನ ಎದ್ರ್ ಸಾಲಂಗೆ ಕೂತಿದ್ದೆ," ಎಂದರು. "ಮೇಜಿನಡಿಯಂಗೆ ಕಾಲ್ ಕಾಂತಿತ್ತ್. ಚಪ್ಪಲಿ ಪಟ್ಟಿ ಕಾಲಂಗೆ ಹೂತ್ ಹೋಯಿತ್ತ್. ಏಳ್ಕ್ ಅಂದೇಳಿ ಕಂಡೆ. ಶುಭಕಾರ್ಯದಂಗೆ ಎಲ್ಲರೆದ್ರ್ ಕಾಲ್ ಹಿಡೂದಾ ಅಂದೇಳಿ ಕೂತೆ. ನಾನ್ ಕೊಡು ಆ ಮಾತ್ರಿಗೂ ಕಾಲ್ ಊದುದಿತ್ತ್, ಅದೇ ಇರುಕು ಅಂದೇಳಿ ನಂಗ್ ನಾನೇ ಸಮಾಧಾನ ಹೇಳ್ಕಂಡೆ. ನಾಳೆ ಹ್ಯಾಂಗೂ ತಂಗಿ ಬತ್ತ್, ಕೇಂಬ ಅಂದೇಳಿ."

ಅವರು ಮದುವೆಗೆ ಬಂದದ್ದೇ ನನಗೆ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ನಾನು ಮದುಮಗಳ ಜತೆ ಒಳಕೋಣೆಯಲ್ಲಿದ್ದೆ. ಅಂದರೆ ಸೋಮವಾರ ಆ ಬೆಂಚಿನ ಮುಂದೆ ನಾನು ಬಾಯಿ ತೆರೆಯುವ ಮೊದಲೇ ನನ್ನ ಸುಳ್ಳು ಅವರಿಗೆ ಗೊತ್ತಿತ್ತು. ಅಷ್ಟು ಜನರೆದುರು ನನ್ನನ್ನು ಸುಳ್ಳಿ ಎನ್ನಲಾರದೆ ತಮ್ಮ ನಿಯಮವನ್ನು ಮುರಿದರು. 'ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ' ಎಂಬ ಗಾದೆಯನ್ನು ಅವರು ರೋಗಿಗಳಿಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಆ ದಿನ ಹೇಳಲಿಲ್ಲ.

ನಾನು ಬರೆದೆ. ಡಾಕ್ಟರ ದಾಕ್ಷಿಣ್ಯ. ಬರೆದ ಮೇಲೂ ಅವರು ಪುಟ ತಿರುಗಿಸಲಿಲ್ಲ.

"ಈ ಸಾಲಿಗೆ ಬೇರೆ ಎಂತಾರೂ ಬರುಕಿತ್ತಾ ಸಿಸ್ಟರೇ?"

ಹೊರಗೆ ಬೆಂಚಿನ ಮೇಲೆ ಯಾರೂ ಇರಲಿಲ್ಲ. ನಾವಿಬ್ಬರೇ. ಫಾರಂನಲ್ಲಿ ಇನ್ನೂ ಎರಡು ಗೆರೆ ಖಾಲಿ ಇತ್ತು. ನನ್ನ ಸುಳ್ಳಿಗೆ ಅಷ್ಟು ಜಾಗ ಧಾರಾಳ ಸಾಕಾಗುತ್ತಿತ್ತು.

"ಇಲ್ಲೆ ಡಾಕ್ಟ್ರೆ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಮುಂದಿನ ಹೆಸರು ಓದಿದರು.

ಅವರ ಬಗ್ಗೆ ನನಗೆ ಆಮೇಲೆ ಸಿಟ್ಟೂ ಬಂದದ್ದುಂಟು. ಬೈಯಬಾರದಿತ್ತೇ? ಆ ಸೋಮವಾರವೇ ಕೆನ್ನೆಗೆ ಬಾರಿಸಿದ ಹಾಗೆ ಎರಡು ಮಾತು ಹೇಳಿದ್ದರೆ ನಾನು ಅಲ್ಲೇ ಅಣ್ಣನಿಗೆ ಫೋನು ಮಾಡುತ್ತಿದ್ದೆನಲ್ಲ. ಮುಂಬೈಯಲ್ಲೇ ಒಂದು ರಕ್ತ ಪರೀಕ್ಷೆ ಮಾಡಿಸುತ್ತಿದ್ದನಲ್ಲ. ಸಿಟ್ಟು ಇಳಿದ ಮೇಲೆ ತಿಳಿಯುತ್ತದೆ, ಇದು ನನ್ನ ಪಾಲಿನದನ್ನೂ ಅವರ ತಲೆಗೆ ಕಟ್ಟುವ ಉಪಾಯ ಎಂದು. ಅವರ ಪಾಲಿನದನ್ನು ಅವರು ಹೆಸರು ಹಿಡಿದು ಬರೆಸಿ ಹೋದರು.

ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವಾಗ ಮೇಡಂ ನನ್ನನ್ನು ಕರೆದು, ಈ ದಾಕ್ಷಿಣ್ಯ ಎಂದರೆ ಇಂಗ್ಲಿಷಿನಲ್ಲಿ ಏನು ಹಾಕುವುದು ಎಂದು ಕೇಳಿದರು. ಇಬ್ಬರೂ ಯೋಚಿಸಿದೆವು. ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಅದು ಎಲ್ಲಿಯೂ ಕೂರಲಿಲ್ಲ. ಕಡೆಗೆ ಅದನ್ನು 'ಇತರ' ಎಂಬ ಕಡೆ ಸೇರಿಸಿದರು. ಸಂಶೋಧನೆ ಅಚ್ಚಾಗಿ ಬಂದಾಗ ಒಂದು ಪ್ರತಿ ಒಯ್ದು ಡಾಕ್ಟ್ರಿಗೆ ಕೊಟ್ಟೆ. ಆಗಲೇ ಅವರು ಹಾಸಿಗೆ ಹಿಡಿದಿದ್ದರು. ಕೋಷ್ಟಕದ ಮೇಲೆ ಬೆರಳು ಓಡಿಸಿ, "ನಾವ್ ಎಲ್ಲಿತ್ತ್?" ಎಂದು ಕೇಳಿದರು. ಕಡೆಯ ಸಾಲನ್ನು ತೋರಿಸಿದೆ. ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡಿದ್ದರು. ನಾವು ಎಂದು ಹೇಳಿದರೇ, ನಾನು ಎಂದರೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಾವು ಎಂದೇ ಹೇಳಿದ್ದು.

ಡಾಕ್ಟ್ರ ಹದಿಮೂರನೇ ದಿನದ ಊಟಕ್ಕೆ ಹೋಗಿ ಬಂದ ಮರುದಿನ ಅಣ್ಣನ ಡಯಾಲಿಸಿಸ್ ಇತ್ತು. ಕುಂದಾಪುರದಲ್ಲಿ ಸರದಿ ಕಾಯುತ್ತ ಇಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆವು. ಇಷ್ಟು ವರ್ಷ ಅವನಿಗೆ ಹೇಳದೆ ಉಳಿಸಿಕೊಂಡಿದ್ದೆ. ಅಂದು ಹೇಳಿದೆ. ಡಾಕ್ಟ್ರು ನಿನ್ನನ್ನು ಮದುವೆಯಲ್ಲಿ ಕಂಡಿದ್ದರು, ನನ್ನ ಸುಳ್ಳು ಅವರಿಗೆ ಗೊತ್ತಿತ್ತು, ಆದರೂ ಮಾತ್ರೆ ಕೊಟ್ಟರು, ಕೇಳಿದಾಗಲೂ ನಾನು ಒಪ್ಪಿಕೊಳ್ಳಲಿಲ್ಲ, ಎಲ್ಲ.

ಅಣ್ಣ ಗೋಡೆ ನೋಡುತ್ತಿದ್ದ.

"ಕಂಡದ್ದ್ ನಂಗ್ ಗೊತ್ತಿತ್ತ್," ಎಂದ.

"ಎಂತ?"

"ಎದ್ರ್ ಸಾಲಂಗೇ ಇದ್ರಲೆ. ಅವ್ರ್ ಕಣ್ಣ್ ಸೀದಾ ಕೆಳ್ಗ್ ಹೋಯ್ತ್. ಈಗ ಎದ್ದ್ ಬಂದ್ ಎಲ್ಲರೆದ್ರ್ ಪ್ಯಾಂಟ್ ಮೇಲ್ ಮಾಡ್ತ್ರ್ ಅಂದೇಳಿ ನಾಚ್ಕಿ ಆಯ್ತ್. ಕಾಲ್ ಕುರ್ಚಿ ಅಡಿಗ್ ಎಳ್ಕಂಡೆ."

"ಕಂಡಿದ್ರ್ ಅಂತ ನಂಗೊಂದ್ ಮಾತ್ ಹೇಳುಕಾಗಿತ್ತಲೆ ಮಾರಾಯ? ನಾನ್ ಮರ್ದಿನ ಹೋಯಿ ಬಂದಿಲ್ಲೆ ಅಂದೆ!"

"ಹೇಳಿರೆ ನೀನ್ ಬಸ್ಸ್ ಬಿಡ್ಸಿ ಕ್ಲಿನಿಕ್ಕಿಗ್ ಕರ್ಕಂಡ್ ಹೋತಿದ್ದೆ."

ಹೌದು, ಕರೆದುಕೊಂಡು ಹೋಗುತ್ತಿದ್ದೆ.

ಒಳಗಿನಿಂದ ಯಾರದೋ ಹೆಸರು ಕರೆದರು, ಅವನದಲ್ಲ. ಅಣ್ಣ ನಿಧಾನಕ್ಕೆ ಬಗ್ಗಿ ಚಪ್ಪಲಿ ಬಿಚ್ಚಿ, ಪ್ಯಾಂಟಿನ ಅಂಚು ಮೊಣಕಾಲಿನವರೆಗೆ ಮಡಚಿ, ಎದುರಿಗಿದ್ದ ಖಾಲಿ ಕುರ್ಚಿಯ ಮೇಲೆ ಕಾಲಿಟ್ಟ. ಅಲ್ಲಿ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು.

"ಒತ್ತಿ ಕಾಣ್" ಎಂದ.

ನಾನು ಹೆಬ್ಬೆರಳಿಟ್ಟು ಒತ್ತಿದೆ. ತುಟಿಯೊಳಗೆ ಹತ್ತು ಎಣಿಸಿದೆ. ಬೆರಳು ತೆಗೆದ ಮೇಲೆ ಗುಳಿ ಹಾಗೇ ಉಳಿಯಿತು. ಅವನ ಹೆಸರು ಕರೆಯುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು.